ಬಿಸಿಲಿನ ಕಡೆಯಿಂದ ಬಂದವಳು

ಮಾರ್ಚ್ 3, ಸೋಮವಾರ

ಹೊಸ ಕೆಲಸದ ಮೊದಲ ದಿನ. ಸೈನ್ಯದಲ್ಲಿ ಪ್ರತಿ ಪಾಳಿ ಮುಗಿದ ಮೇಲೆ ವರದಿ ಬರೆಯುವುದು ರೂಢಿಯಾಗಿತ್ತು. ಬಿಟ್ಟು ಬಂದರೂ ಕೈ ಸುಮ್ಮನಿರುವುದಿಲ್ಲ. ಈಗ ವರದಿ ಕೇಳುವ ಮೇಲಧಿಕಾರಿ ಯಾರೂ ಇಲ್ಲದ್ದರಿಂದ ವರದಿಯನ್ನು ನನಗೆ ನಾನೇ ಒಪ್ಪಿಸಿಕೊಳ್ಳುತ್ತೇನೆ. ಓದಿ ಬೈಯುವವರಿಲ್ಲ ಎನ್ನುವುದೊಂದು ಸುಖ.

ಹದಿನೈದು ವರ್ಷ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಗಡಿಯಾಚೆಯ ಊರೊಂದರ ತಾರಸಿಗಳನ್ನು ಡ್ರೋನಿನ ಕಣ್ಣಿಂದ ನೋಡುತ್ತಿದ್ದವಳು ನಾನು. ಆ ಡ್ರೋನಿಗೆ ಬಸ್ಸಿನಷ್ಟು ಉದ್ದದ ರೆಕ್ಕೆಗಳಿದ್ದವು. ಇವತ್ತು ನನಗೆ ಕೊಟ್ಟದ್ದು ಮೊರದಷ್ಟು ಅಗಲದ್ದು. ಅದರ ಹೊಟ್ಟೆಯ ಕೆಳಗೊಂದು ಡಬ್ಬಿ, ಡಬ್ಬಿಯೊಳಗೆ ಕೆಮ್ಮಿನ ಔಷಧಿ. ಗುಡ್ಡದ ಮೇಲಿನ ಓಣಿಗೆ ಬರೀ ಮೆಟ್ಟಿಲುಗಳಿವೆ, ಗಾಡಿ ಹೋಗುವುದಿಲ್ಲ. ಅಲ್ಲಿಯವರು ಫೋನ್ ಮಾಡಿದರೆ ಕೆಳಗಿನ ನಮ್ಮ ಡಿಪೋದಿಂದ ಔಷಧಿ ಹಾರಿಸಿ ಅವರ ತಾರಸಿಗೆ ಇಳಿಸಬೇಕು. ಇಷ್ಟೇ ಕೆಲಸ.

ಮ್ಯಾನೇಜರ್ ಎಳೆ ವಯಸ್ಸಿನವನು, ಉತ್ಸಾಹ ಉಕ್ಕಿ ಹರಿಯುತ್ತದೆ. "ಮೊದಲು ಇದು ಶತ್ರುಗಳ ಮೇಲೆ ಕಣ್ಣಿಡ್ತಿತ್ತು ಮೇಡಂ. ಈಗ ನೋಡಿ, ಹೊಲಕ್ಕೆ ಔಷಧಿ ಹೊಡಿಯುತ್ತೆ, ಮದುವೆ ವಿಡಿಯೋ ತೆಗಿಯುತ್ತೆ, ನಮ್ಮ ಹತ್ರ ಮಾತ್ರೆ ಹೊರುತ್ತೆ. ಎಷ್ಟು ಬದಲಾಯ್ತು ಅಲ್ವಾ?" ಎಂದ. ಯಂತ್ರಕ್ಕೆ ಮದುವೆ ಮನೆ ಒಗ್ಗಿರಬಹುದು. ನನಗಿನ್ನೂ ಈ ಡಿಪೋದ ದೊಡ್ಡ ಕಿಟಕಿಯೇ ಒಗ್ಗಿಲ್ಲ, ಬೆನ್ನು ಚುಳ್ಳೆನ್ನುತ್ತದೆ.

ಒಂದು ತೊಡಕಿದೆ. ಇದು ಪ್ರಯೋಗ ಮಾತ್ರ. ತಿಂಗಳ ಕೊನೆಗೆ ಓಣಿಯವರು ಸಭೆ ಸೇರಿ ಹಾರಾಟ ಬೇಕೋ ಬೇಡವೋ ಹೇಳುತ್ತಾರೆ. ಬೇಡವೆಂದರೆ ಡಿಪೋ ಮುಚ್ಚಿ, ನನ್ನನ್ನು ರೈಲಿನಲ್ಲಿ ಒಂದು ಹಗಲು ದೂರದ ಶಾಖೆಗೆ ಕಳಿಸುತ್ತಾರೆ. ಮತ್ತೆ ಮನೆಯಿಂದ ದೂರ. ಮಗಳಿಗೆ ಹದಿನಾರು. ನನ್ನ ಜೊತೆ ಅವಳು ಆಡುವ ಮಾತು ಮೂರೇ: ಹೌದು, ಇಲ್ಲ, ಗೊತ್ತಿಲ್ಲ. ನಾಲ್ಕನೆಯದು ಹುಟ್ಟಬೇಕಾದರೆ ನಾನು ಇಲ್ಲೇ ಇರಬೇಕು.

ಮಾರ್ಚ್ 5, ಬುಧವಾರ

ಯುದ್ಧದಲ್ಲಿ ಒಂದೂ ಡ್ರೋನ್ ಕಳೆದುಕೊಳ್ಳದ ನಾನು ಇವತ್ತು ಒಂದನ್ನು ಬಟ್ಟೆ ಒಣಹಾಕುವ ಕೋಲಿಗೆ ಒಪ್ಪಿಸಿದೆ.

ನಮಗೆ ಕಲಿಸಿದ್ದು ಹೀಗೆ: ಸೂರ್ಯನಿರುವ ಕಡೆಯಿಂದ ಬರಬೇಕು, ತಲೆಯೆತ್ತಿ ನೋಡಿದವರಿಗೆ ಕಣ್ಣು ಕುಕ್ಕಬೇಕು, ಇಳಿಯುವುದಿದ್ದರೆ ಬೆನ್ನ ಹಿಂದೆ ಇಳಿಯಬೇಕು. ನಾನು ಯೋಚನೆಯೇ ಮಾಡಲಿಲ್ಲ, ಬೆರಳುಗಳು ತಾವಾಗಿಯೇ ಹಾಗೆ ಮಾಡಿದವು. ಮೇಲಿನ ಸಾಲಿನ ಮನೆಯಲ್ಲಿ ಒಬ್ಬ ಅಜ್ಜಿ ಹಾಸಿಗೆಯ ಬಟ್ಟೆ ಹರವುತ್ತಿದ್ದರು. ರಕ್ತದೊತ್ತಡದ ಮಾತ್ರೆ ಅವರಿಗೇ. ಬಲು ನಯವಾಗಿ, ಸದ್ದು ತಗ್ಗಿಸಿ, ಅವರ ಬೆನ್ನಿಗೆ ಎರಡು ಮೊಳ ದೂರದಲ್ಲಿ ಇಳಿಸಿದೆ. ನನ್ನ ಹಳೆಯ ಮೇಜರ್ ನೋಡಿದ್ದರೆ ಭುಜ ತಟ್ಟುತ್ತಿದ್ದರು.

ಅಜ್ಜಿ ತಿರುಗಿದರು. ಕೋಲು ಬೀಸಿದರು. ಪರದೆಯ ಮೇಲೆ ಕೊನೆಗೆ ಕಂಡದ್ದು ಬಕೆಟ್ಟಿನೊಳಗಿನ ಸಾಬೂನಿನ ನೊರೆ.

"ಹಿಂದಿನಿಂದ ಯಾಕೆ ಹೋದ್ರಿ ಮೇಡಂ?" ಎಂದು ಮ್ಯಾನೇಜರ್ ತಲೆ ಮೇಲೆ ಕೈ ಹೊತ್ತುಕೊಂಡ.

"ಮುಂದಿನಿಂದ ಹೋದರೆ ಕಂಡುಬಿಡುತ್ತಲ್ಲಾ?"

"ಕಾಣ್ಲಿ ಅಂತಲೇ ಅಲ್ವಾ ಮೇಡಂ ಹೋಗೋದು!"

ಇದು ನನಗೆ ಹೊಳೆದೇ ಇರಲಿಲ್ಲ. ನಾಳೆ ಹೋಗಿ ಕ್ಷಮೆ ಕೇಳಬೇಕಂತೆ. ಕೇಳಿದವಳೇ ಅಲ್ಲ, ಹೇಗೆ ಶುರುಮಾಡುವುದೋ.

ಮಾರ್ಚ್ 6, ಗುರುವಾರ

ಮೆಟ್ಟಿಲು ಹತ್ತಿ ಹೋದೆ. ನಡುವೆ ಎರಡು ಕಡೆ ಕೂತೆ. ಇಷ್ಟು ವರ್ಷ ಹಾರಿದವಳಿಗೆ ಮಂಡಿ ಇದೆಯೆಂದು ಇವತ್ತು ಗೊತ್ತಾಯಿತು.

ಓಣಿಯವರು ಆ ಅಜ್ಜಿಯನ್ನು ಆಗಲೇ ಕೋಲಜ್ಜಿ ಎಂದು ಕರೆಯಲು ಶುರುಮಾಡಿದ್ದಾರೆ. ಮುರಿದ ರೆಕ್ಕೆಯನ್ನು ಬಟ್ಟೆಯ ದಾರಕ್ಕೆ ಕ್ಲಿಪ್ ಹಾಕಿ ನೇತುಬಿಟ್ಟಿದ್ದರು, ಹೋಗಿಬರುವವರೆಲ್ಲ ನೋಡಲಿ ಅಂತ.

"ನೀನೇನಾ ಆ ನೊಣ ಬಿಟ್ಟವಳು?"

"ಹೌದಜ್ಜಿ. ತಪ್ಪಾಯ್ತು."

"ತಪ್ಪಾಯ್ತು ಅನ್ನೋಕೆ ಮೆಟ್ಟಿಲು ಹತ್ತಿ ಬಂದೆ. ಮಾತ್ರೆ ಕೊಡೋಕೆ ಯಾಕೆ ಹತ್ತಲಿಲ್ಲ?"

"ಮಾತ್ರೆ ಬೇಗ ಸಿಗಲಿ ಅಂತ ಅಜ್ಜಿ."

"ನನಗೇನು ರೈಲು ಹಿಡಿಯೋದಿದ್ಯಾ? ನೋಡಮ್ಮಾ, ಬಾಗಿಲು ತಟ್ಟದೆ ಬರೋದನ್ನ ನಾನು ಸೇರಿಸೋದಿಲ್ಲ. ನಾಳೆ ಸಾವು ಬಂದ್ರೂ ಅಷ್ಟೆ, ತಟ್ಟಿ, ಯಾರು ಅಂತ ಹೇಳಿ ಒಳಗೆ ಬರಬೇಕು."

ನೀರು ಕೊಟ್ಟರು. ಕುಡಿಯುವವರೆಗೂ ನನ್ನ ಮುಖವನ್ನೇ ನೋಡುತ್ತಾ ಕೂತರು. ಯಾರಾದರೂ ನನ್ನನ್ನು ಅಷ್ಟು ಹೊತ್ತು ನೋಡಿ ಯಾವ ಕಾಲವಾಯಿತೋ, ಲೋಟ ಎಲ್ಲಿಡುವುದೆಂದು ತಿಳಿಯಲಿಲ್ಲ. ಸಭೆಯಲ್ಲಿ ವಿರೋಧಿಸುವುದು ಖಂಡಿತ ಎಂದು ಹೇಳಿಯೇ ಕಳಿಸಿದರು.

ಇವರು, ಅಂದರೆ ನನ್ನ ಗಂಡ, ಕ್ಷೌರದಂಗಡಿಯಲ್ಲಿ ಗಿರಾಕಿಯ ಕೆನ್ನೆಗೆ ನೊರೆ ಹಚ್ಚುತ್ತಲೇ ಕತೆ ಕೇಳಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಕೈ ನಡುಗುವುದು ನೋಡಿ ಗಿರಾಕಿ ಎದ್ದು ಕೂತ.

ಮಾರ್ಚ್ 11, ಮಂಗಳವಾರ

ಗಂಭೀರ ವರದಿ.

ದಿನಾ ಕೆಮ್ಮಿನ ಔಷಧಿ ತರಿಸುವ ತಾತನಿಗೆ, ಅಂದರೆ ನನ್ನ ಲೆಕ್ಕದ ಕೆಮ್ಮಿನ ತಾತನಿಗೆ, ಔಷಧಿ ಒಯ್ಯುತ್ತಿದ್ದಾಗ ಕೋಲಜ್ಜಿಯ ತಾರಸಿಯಲ್ಲಿ ಎರಡು ತಲೆಗಳು ಕಂಡವು. ಒಂದಕ್ಕೆ ನೆತ್ತಿಯಲ್ಲಿ ಎರಡು ಸುಳಿ. ನಾನು ಜನರನ್ನು ನೆತ್ತಿಯಿಂದ ಗುರುತಿಸುವವಳು, ಆ ನೆತ್ತಿಯಂತೂ ನನ್ನ ಹೊಟ್ಟೆಯಲ್ಲೇ ಹುಟ್ಟಿದ್ದು. ಲೈಬ್ರರಿಗೆ ಹೋಗುತ್ತೇನೆ ಎಂದಿದ್ದಳು ಮಗಳು!

ಇನ್ನೊಂದು ತಲೆಗೆ ಹಳದಿ ಟೋಪಿ. ಮುಖ ಕಾಣದು. ಅಜ್ಜಿ ಎಲ್ಲೂ ಇರಲಿಲ್ಲ. ಟೋಪಿಯವನು ಏನೋ ಡಬ್ಬಿ ಕೊಟ್ಟ, ಇವಳು ತೆಗೆದುಕೊಂಡಳು. ಇಬ್ಬರೂ ನೆಲದ ಮೇಲೆ ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಬಗ್ಗಿ, ತಲೆಗೆ ತಲೆ ತಾಗುವಷ್ಟು ಹತ್ತಿರ ಕೂತರು. ಟೋಪಿಯವನು ಅವಳ ಬೆನ್ನು ತಟ್ಟಿದ.

ಅಜ್ಜಿಯ ಮೊಮ್ಮಗನೇ ಇರಬೇಕು. ಅಜ್ಜಿ ಮನೆಯಲ್ಲಿಲ್ಲದ ಹೊತ್ತು ನೋಡಿ ಕರೆಸಿಕೊಂಡಿದ್ದಾನೆ. ಮೂರಕ್ಕೆ ಮೂರು ಸೇರಿಸಿದರೆ ಆರಾಗಲೇಬೇಕಲ್ಲ. ನಾನು ಎತ್ತರಕ್ಕೇರಿ, ಬಿಸಿಲಿನ ಕಡೆ ನಿಂತು, ಬ್ಯಾಟರಿ ಕೆಂಪಾಗುವವರೆಗೂ ನೋಡಿದೆ. ಕೆಮ್ಮಿನ ತಾತ ಫೋನಿನಲ್ಲಿ ಕೆಮ್ಮುತ್ತಲೇ ಬೈದರಂತೆ.

ಸಂಜೆ ಕೇಳಿದೆ, "ಲೈಬ್ರರಿ ಹೇಗಿತ್ತು?"

"ಇತ್ತು," ಎಂದಳು. ನಾಲ್ಕನೆಯ ಮಾತು ಹುಟ್ಟಿತು, ಅದೂ ಸುಳ್ಳು.

ಮಾರ್ಚ್ 14, ಶುಕ್ರವಾರ

ನಿನ್ನೆಯೂ ಇವತ್ತೂ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದೆ. ಗುರಿ ಶಾಲೆಯಿಂದ ನೇರವಾಗಿ ಗುಡ್ಡ ಹತ್ತುತ್ತದೆ. ಟೋಪಿ ಆಗಲೇ ಹಾಜರು. ಬಿಳಿ ಬಟ್ಟೆ ದಿನದಿನಕ್ಕೆ ಉದ್ದವಾಗುತ್ತಿದೆ. ಇವತ್ತು ಗುರಿ ಜೋರಾಗಿ ನಕ್ಕಿತು. ಸದ್ದು ಕೇಳಲಿಲ್ಲ, ಆದರೆ ತಲೆ ಹಿಂದಕ್ಕೆ ವಾಲಿದ್ದರಿಂದ ನಗುವೆಂದು ತಿಳಿಯಿತು. ನನ್ನೆದುರು ಹಾಗೆ ನಕ್ಕಿದ್ದು ನೆನಪಿಲ್ಲ.

ಇವರಿಗೆ ಹೇಳಿದೆ.

"ಬಾಯ್ಬಿಟ್ಟು ಅವಳನ್ನೇ ಕೇಳೇ," ಎಂದರು.

"ಕೇಳಿದರೆ ಗುರಿ ಎಚ್ಚರವಾಗುತ್ತೆ ರೀ."

"ಗುರಿ ಅಲ್ಲ ಕಣೇ ಅದು, ನಿನ್ನ ಮಗಳು. ದಿನಾ ನನ್ನ ಜೊತೆ ಗೆಳತಿಯರ ಕತೆ, ಶಾಲೆ ಕತೆ ಎಲ್ಲಾ ಹರಟುತ್ತಾಳೆ."

"ಹಾಗಾದರೆ ನಿಮಗೆ ಗೊತ್ತಾ ಅವಳು ಎಲ್ಲಿಗೆ ಹೋಗ್ತಾಳೆ ಅಂತ?"

ಇವರು ಕತ್ತರಿಯನ್ನು ಎಣ್ಣೆ ಬಟ್ಟೆಯಲ್ಲಿ ಒರೆಸುತ್ತಾ ಮೀಸೆಯಡಿಯಲ್ಲೇ ನಕ್ಕರು. ಗೊತ್ತು ಅಂತಾಯಿತು. ಮನೆಯಲ್ಲಿ ಶತ್ರುಪಡೆ ಎರಡಾಯಿತು.

ಮಾರ್ಚ್ 18, ಮಂಗಳವಾರ

ನೆಲ ಬಿರಿದು ನನ್ನನ್ನು ನುಂಗಬಾರದಿತ್ತೇ.

ಮಧ್ಯಾಹ್ನ ಮ್ಯಾನೇಜರ್ ನನ್ನ ಹಿಂದೆಯೇ ನಿಂತಿದ್ದ, ನನ್ನ "ಅದ್ಭುತ ನಿಯಂತ್ರಣ"ವನ್ನು ಮುಖ್ಯ ಕಚೇರಿಯಿಂದ ಬಂದ ಹೆಂಗಸಿಗೆ ತೋರಿಸಲು. ಕೆಮ್ಮಿನ ತಾತನ ಔಷಧಿಯೇ ಮತ್ತೆ. ಕೋಲಜ್ಜಿಯ ತಾರಸಿ ಬಂದಾಗ ಬೆರಳು ತಾನಾಗಿ ನಿಂತಿತು. ಕೆಳಗೆ ಎರಡು ತಲೆಗಳು ಇದ್ದವು. ಒಮ್ಮೆಲೇ ಬಟ್ಟೆಯ ಆ ತುದಿ ಒಬ್ಬರು, ಈ ತುದಿ ಒಬ್ಬರು ಹಿಡಿದು, ಆಕಾಶದ ಕಡೆ ಮುಖ ಮಾಡಿ ಬಿಚ್ಚಿದರು. ಕೆಂಪು ಬಣ್ಣದಲ್ಲಿ, ಒಂದೊಂದು ಅಕ್ಷರ ಬಕೆಟ್ಟಿನಷ್ಟು ದಪ್ಪ:

ಅಮ್ಮಾ, ಕೆಮ್ಮಿನ ತಾತನ ಮನೆ ಎಡಗಡೆ. ನನ್ನನ್ನು ಬಿಡು.

ಆಮೇಲೆ ಹಳದಿ ಟೋಪಿಯವನು ಮುಖವೆತ್ತಿದ. ಕೋಲಜ್ಜಿ! ಬಿಸಿಲಿಗೆಂದು ಮೊಮ್ಮಗನ ಟೋಪಿ ಹಾಕಿಕೊಂಡಿದ್ದರು. ನನಗೆ ಕೈ ಬೀಸಿದರು, ಬಹಳ ಮರ್ಯಾದೆಯಿಂದ.

ಮುಖ್ಯ ಕಚೇರಿಯವಳು ಕೇಳಿದಳು, "ಇದು ಜಾಹೀರಾತಾ?"

ಸೈನ್ಯದಲ್ಲಿ ಇದ್ದಷ್ಟೂ ಕಾಲ ನನ್ನನ್ನು ಯಾರೂ ಪತ್ತೆಹಚ್ಚಿರಲಿಲ್ಲ. ಹತ್ತನೇ ತರಗತಿಯ ಹುಡುಗಿ ಹಚ್ಚಿದಳು.

ಮಾರ್ಚ್ 19, ಬುಧವಾರ

ಸಭೆಯಲ್ಲಿ ಡ್ರೋನ್ ಬೇಡವೆಂದು ಮಾತಾಡುವವಳು ನನ್ನ ಮಗಳೇ ಅಂತೆ. ಆ ಬಟ್ಟೆಗಳೆಲ್ಲ ಅದಕ್ಕೇ. ಕೋಲಜ್ಜಿ ಅವಳ ಸೇನಾಪತಿ.

ಅಡುಗೆಮನೆಯಲ್ಲಿ ಜಗಳವಾಯಿತು.

"ನನ್ನ ಹಿಂದೆ ಬಿದ್ದದ್ದು ಯಾಕೆ?" ಎಂದಳು.

"ನೀನು ಲೈಬ್ರರಿ ಅಂತ ಸುಳ್ಳು ಹೇಳಿದೆ."

"ನೀನು ಕೇಳಿದ್ದು ಲೈಬ್ರರಿ ಹೇಗಿತ್ತು ಅಂತ. ನಾನು ಹೇಗಿದೀನಿ ಅಂತ ಯಾವತ್ತು ಕೇಳಿದೀಯಾ? ಅಷ್ಟು ವರ್ಷ ಅಲ್ಲಿ ಕೂತು ಏನು ನೋಡ್ತಿದ್ದೆ ಅಮ್ಮಾ?"

ಹೇಳಬಾರದು ಎಂದುಕೊಂಡೆ. ಬಾಯಿ ಕೇಳಲಿಲ್ಲ. ಅಲ್ಲೊಂದು ನೀಲಿ ನೀರಿನ ತೊಟ್ಟಿಯ ತಾರಸಿ ಇತ್ತು. ಅಲ್ಲೊಂದು ಮಗು ತೆವಳುತ್ತಿತ್ತು. ಆಮೇಲೆ ತೊಟ್ಟಿ ಹಿಡಿದು ನಿಂತಿತು. ಒಂದು ಬೆಳಿಗ್ಗೆ ತೊಟ್ಟಿ ಬಿಟ್ಟು ತನ್ನ ಅಮ್ಮನ ಕಡೆ ನಡೆಯಿತು. ನಾನೂ ಪಕ್ಕದ ಪರದೆಯವನೂ ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದ್ದೆವು. ಅದೇ ವರ್ಷ ಇವಳೂ ನಡೆಯಲು ಕಲಿತಳು. ಇವರು ಫೋನಿನಲ್ಲಿ ಹೇಳಿದರು. ನಾನು ಪಾಳಿಯಲ್ಲಿದ್ದೆ, ಆಮೇಲೆ ಮಾತಾಡುತ್ತೇನೆ ಅಂದೆ.

ಮಗಳು ಕೈಯಲ್ಲಿದ್ದ ಲೋಟವನ್ನು ಕಟ್ಟೆಯ ಮೇಲಿಟ್ಟಳು.

"ಆ ಮಗುಗೆ ಗೊತ್ತಾ, ನೀನು ಚಪ್ಪಾಳೆ ತಟ್ಟಿದ್ದು?"

"ಇಲ್ಲ."

"ಅದೇ ನನ್ನ ತಕರಾರು," ಎಂದು ಹೊರಗೆ ಹೋದಳು.

ಡಿಪೋ ಮುಚ್ಚಿದರೆ ನಾನು ಊರು ಬಿಡಬೇಕಾಗುತ್ತದೆ ಎನ್ನುವುದು ಅವಳಿಗೆ ಗೊತ್ತಿಲ್ಲ. ಹೇಳೋಣ ಎಂದರು ಇವರು. ಬೇಡ ಅಂದೆ. ಅವಳ ಬಾಯಿ ಕಟ್ಟಿ ಗೆಲ್ಲುವುದು ನನಗೆ ಬೇಡ.

ಮಾರ್ಚ್ 22, ಶನಿವಾರ

ಬರೆಯುವಂಥದ್ದೇನಿಲ್ಲ. ಹೌದು, ಇಲ್ಲ, ಗೊತ್ತಿಲ್ಲ.

ಮಾರ್ಚ್ 24, ಸೋಮವಾರ

ಜೋರು ಗಾಳಿ, ಹಾರಿಸುವಂತಿಲ್ಲ. ಔಷಧಿಗಳನ್ನು ಚೀಲಕ್ಕೆ ತುಂಬಿ ನಾನೇ ಹತ್ತಿದೆ. ಮ್ಯಾನೇಜರ್ ಬೇಡವೆಂದ. ಸುಮ್ಮನೆ ಕೂತರೆ ತಲೆ ಕೆಡುತ್ತದೆ ಎಂದೆ.

ಮೇಲಿಂದ ನೋಡಿದಾಗ ಕೆಮ್ಮಿನ ತಾತನದು ಮಹಾ ಕೋಪಿಷ್ಠ ಬೋಳುತಲೆ. ಕೆಳಗಿಂದ ನೋಡಿದರೆ ಅದೇ ತಲೆಗೆ ಕಿವಿಯಿಂದ ಕಿವಿಗೆ ನಗು ಅಂಟಿದೆ. ಬೈದರು ಎಂದು ನಾನು ತಿಳಿದದ್ದೆಲ್ಲ ಬರೀ ಕೆಮ್ಮು. ಸಿಹಿಮೂತ್ರದ ಟೀಚರಮ್ಮನ ಮನೆ ಬಾಗಿಲು ಹಸಿರು. ತಾರಸಿಯಿಂದ ಬಾಗಿಲು ಕಾಣುವುದೇ ಇಲ್ಲವಲ್ಲ, ಅಷ್ಟು ದಿನ ಹಾರಿದರೂ ಗೊತ್ತಿರಲಿಲ್ಲ. ಅವರಿಗೆ ಕೈ ನಡುಗುತ್ತದೆ, ಡಬ್ಬಿಯ ಮುಚ್ಚಳ ತೆಗೆಯಲಾಗುವುದಿಲ್ಲ. ತೆಗೆದುಕೊಟ್ಟೆ. ಆದರೂ ಡ್ರೋನ್ ಬೇಕು ಎಂದರು. ರಾತ್ರಿ ಸಕ್ಕರೆ ಇಳಿದುಬಿಟ್ಟರೆ ಮೆಟ್ಟಿಲು ಹತ್ತುವವರಿಗಾಗಿ ಕಾಯಲಾಗುವುದಿಲ್ಲವಂತೆ. ಬರಲಿ, ಆದರೆ ಬರುತ್ತಿದ್ದೇನೆ ಅಂತ ಹೇಳಿ ಬರಲಿ ಎಂದರು.

ಕೋಲಜ್ಜಿಯ ಬಾಗಿಲನ್ನು ಎರಡು ಸಲ ತಟ್ಟಿ, ಯಾರು ಅಂತ ಹೇಳಿಯೇ ಒಳಗೆ ಹೋದೆ. ಮಾತ್ರೆ ತೆಗೆದುಕೊಂಡರು. "ಸೋತರೆ ಎಲ್ಲಿಗೆ ಕಳಿಸ್ತಾರೆ?" ಎಂದು ಕೇಳಿಬಿಟ್ಟರು. ಮ್ಯಾನೇಜರ್ ಬಾಯಿ ಸೋರುತ್ತದೆ. ಮಗಳಿಗೆ ಹೇಳಬೇಡಿ ಎಂದೆ. "ಹುಚ್ಚಿ," ಎಂದರು. ಇದನ್ನು ಹೊಗಳಿಕೆಯೆಂದೇ ದಾಖಲಿಸುತ್ತೇನೆ.

ಮಾರ್ಚ್ 29, ಶನಿವಾರ

ಸಭೆ ನಡೆಯಿತು. ಓಣಿಯ ವಾಚನಾಲಯದ ಹಾಲ್ ಕಿಕ್ಕಿರಿದಿತ್ತು. ಗೋಡೆ ತುಂಬ ಮಗಳ ಬಟ್ಟೆಗಳು: ನಮ್ಮ ತಾರಸಿ ನಮ್ಮದು. ಕಣ್ಣು ಇದ್ದರೆ ಮುಖವೂ ಇರಲಿ. ಒಂದರಲ್ಲಿ ನನ್ನ ಚಿತ್ರವನ್ನೂ ಬರೆದಿದ್ದಳು, ನೊಣಕ್ಕೆ ಸೈನ್ಯದ ಟೋಪಿ ಹಾಕಿ. ಮೂಗು ನನ್ನದೇ, ಒಪ್ಪಬೇಕು.

ಮಗಳು ಮಾತಾಡಿದಳು. ದನಿ ಎಲ್ಲೂ ತಡವರಿಸಲಿಲ್ಲ. ತಾರಸಿ ಅಂದರೆ ತಲೆಗೂದಲು ಒಣಗಿಸುವ, ಒಬ್ಬರೇ ಕೂತು ಅಳುವ, ಹಾಡು ಬಾರದಿದ್ದರೂ ಹಾಡುವ ಜಾಗ, ಅಲ್ಲಿ ಯಾರು ನೋಡುತ್ತಿದ್ದಾರೆ ಎಂದು ಯಾಕೆ ಯೋಚಿಸಬೇಕು ಎಂದಳು. ಚಪ್ಪಾಳೆ ಬಿತ್ತು. ನನ್ನ ಕೈಯೂ ತಟ್ಟುತ್ತಿತ್ತು, ಮ್ಯಾನೇಜರ್ ಮೊಣಕೈಯಲ್ಲಿ ತಿವಿದ.

ಆಮೇಲೆ ಅವನು ಎದ್ದ. ಯಂತ್ರ ಎಷ್ಟು ಬೇಗ ಬರುತ್ತದೆ ಎಂದೆಲ್ಲ ಹೇಳಿ, ಕೊನೆಗೆ, "ನೀವು ಬೇಡ ಅಂದ್ರೆ ಡಿಪೋ ಮುಚ್ಚುತ್ತೆ. ನಮ್ಮ ಮೇಡಂ ಇಷ್ಟು ವರ್ಷ ಆದ್ಮೇಲೆ ಮನೆಗೆ ಬಂದಿದಾರೆ, ಮತ್ತೆ ದೂರದ ಊರಿಗೆ ಹೋಗಬೇಕಾಗುತ್ತೆ," ಎಂದುಬಿಟ್ಟ. ಮಗಳ ಮುಖ ಬಿಳಿಚಿತು. ಅಪ್ಪನ ಕಡೆ ನೋಡಿದಳು. ಇವರು ತಲೆ ತಗ್ಗಿಸಿದರು.

ನಾನು ಎದ್ದೆ. ಏನು ಹೇಳಬೇಕೆಂದು ಕಂಪನಿ ಬರೆದುಕೊಟ್ಟಿತ್ತು. ಅದನ್ನು ಮಡಿಸಿ ಮ್ಯಾನೇಜರ್ ಕೈಗೇ ಕೊಟ್ಟೆ.

"ಈ ಹುಡುಗಿ ಹೇಳಿದ್ದು ಸರಿ," ಎಂದೆ. "ನಾನು ನೋಡಿದೆ, ನೋಡಬಾರದಿತ್ತು. ನನ್ನ ಕೆಲಸ ಹೋಗುತ್ತೆ ಅಂತ ಯಾರೂ ಕೈ ಎತ್ತಬೇಡಿ. ಆದರೆ ರಾತ್ರಿ ಸಕ್ಕರೆ ಇಳಿಯೋ ಟೀಚರಮ್ಮನಿಗೆ ಇದು ಬೇಕು. ಹಾಗಾಗಿ ಒಂದು ಮಾತು. ಯಾರು ಕರೀತಾರೋ ಅವರ ಮನೆಗೆ ಮಾತ್ರ ಬರ್ತೀವಿ, ಎದುರಿನಿಂದ, ದೀಪ ಹಾಕ್ಕೊಂಡು, ಸದ್ದು ಮಾಡ್ಕೊಂಡು. ದಾರಿಯಲ್ಲಿ ಕ್ಯಾಮೆರಾ ಮುಚ್ಚಿರುತ್ತೆ, ಇಳಿಯೋವಾಗ ಮಾತ್ರ ತೆಗೀತೀವಿ. ಮತ್ತೆ ನಾನು ನೋಡೋ ಪರದೆಯನ್ನ ಡಿಪೋದ ಕಿಟಕಿಗೆ ಎದುರಾಗಿ ಬೀದಿ ಕಡೆ ತಿರುಗಿಸಿ ಇಡ್ತೀನಿ. ನಾನು ಏನು ನೋಡ್ತಿದೀನಿ ಅಂತ ಹೋಗಿಬರೋರೆಲ್ಲ ನನ್ನ ಭುಜದ ಮೇಲಿಂದ ನೋಡಬಹುದು."

"ಮುಖ್ಯ ಕಚೇರಿಯವರನ್ನ ಕೇಳದೆ..." ಎಂದು ಮ್ಯಾನೇಜರ್ ಕುರ್ಚಿಯಲ್ಲೇ ಕುಸಿದ.

ಮೊದಲು ಎದ್ದವರು ಕೋಲಜ್ಜಿ. ಕೈಯ ಬದಲು ಕೋಲನ್ನೇ ಎತ್ತಿದರು. ಪರವೋ ವಿರೋಧವೋ ಯಾರಿಗೂ ತಿಳಿಯಲಿಲ್ಲ. "ಪರ ಕಣ್ರೋ," ಎಂದು ಗದರಿದರು. "ಆದರೆ ಕೋಲು ಇಲ್ಲೇ ಇರುತ್ತೆ." ಒಂದೊಂದೇ ಕೈ ಮೇಲೆದ್ದವು. ನಾನು ಉಳಿದ ಯಾರನ್ನೂ ನೋಡಲಿಲ್ಲ. ಮಗಳು ಪರವಾಗಿ ಕೈ ಎತ್ತಲಿಲ್ಲ, ವಿರೋಧಕ್ಕೂ ಎತ್ತಲಿಲ್ಲ. ಎರಡೂ ಕೈಯಿಂದ ಕುರ್ಚಿಯ ಅಂಚು ಹಿಡಿದು ಕೂತಿದ್ದಳು. ಹಾರಾಟ ಮುಂದುವರಿಯಲಿ, ಷರತ್ತು ತಪ್ಪಿದ ದಿನವೇ ನಿಲ್ಲಿಸತಕ್ಕದ್ದು ಎಂದು ತೀರ್ಮಾನವಾಯಿತು.

ಮೆಟ್ಟಿಲಿಳಿಯುವಾಗ ಅವಳು ನನ್ನ ಪಕ್ಕ ಬಂದಳು.

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನೀನು ಇಷ್ಟು ಚೆನ್ನಾಗಿ ಮಾತಾಡ್ತಿರಲಿಲ್ಲ."

"ಮಾತಾಡ್ತಿದ್ದೆ," ಎಂದಳು. ಎರಡು ಮೆಟ್ಟಿಲು ಬಿಟ್ಟು, "ಆಮೇಲೆ ಅಳ್ತಿದ್ದೆ."

ಏಪ್ರಿಲ್ 6, ಭಾನುವಾರ

ಮುಖ್ಯ ಕಚೇರಿಯವರು ಮೊದಲು ಕಿಡಿಕಾರಿದರು. ಆಮೇಲೆ ಪರದೆಯ ಮುಂದೆ ದಿನವೂ ಜನ ಸೇರುವುದು ನೋಡಿ, ಬೀದಿಗೆ ತಿರುಗಿಸುವ ಯೋಚನೆ ತಮ್ಮದೇ ಎಂದು ಎಲ್ಲೆಡೆ ಹೇಳಿಕೊಂಡು ತಿರುಗುತ್ತಿದ್ದಾರಂತೆ. ಹೇಳಿಕೊಳ್ಳಲಿ. ಈಗ ಕಿಟಕಿಗೆ ಬೆನ್ನು ಕೊಟ್ಟು ಕೂತರೂ ನನಗೇನೂ ಅನ್ನಿಸುವುದಿಲ್ಲ. ಕೆಮ್ಮಿನ ತಾತ ಕೆಳಗಿಳಿದು ಬಂದಾಗಲೆಲ್ಲ ಭುಜದ ಹಿಂದೆ ನಿಂತು ಎಡಕ್ಕೆ ತಿರುಗಿಸು, ಬಲಕ್ಕೆ ತಿರುಗಿಸು ಎಂದು ಪಾಠ ಹೇಳುತ್ತಾರೆ.

ಇವತ್ತು ಶಾಲೆಗೆ ರಜೆ. ಮಗಳು ತಾನಾಗಿ ಡಿಪೋಗೆ ಬಂದಳು. "ಕಲಿಸು," ಎಂದಳು. ಡಿಪೋದ ಖಾಲಿ ಅಂಗಳಕ್ಕೆ ಒಯ್ದು ರಿಮೋಟ್ ಕೈಗೆ ಕೊಟ್ಟೆ. ಮೊದಲು ಗೋಡೆಗೆ, ಆಮೇಲೆ ಮ್ಯಾನೇಜರ್‌ನ ಸೈಕಲ್ಲಿಗೆ ಗುದ್ದಿಸಿ, ಮೂರನೆಯ ಸಲಕ್ಕೆ ಹದ ಹಿಡಿದಳು. ಮರದ ಎತ್ತರಕ್ಕೆ ಏರಿಸಿ ಹೇಳಿದಳು, "ಅಮ್ಮಾ, ನೀನು ಹೋಗಿ ಅಂಗಳದ ಮಧ್ಯೆ ನಿಲ್ಲು. ಯಾರಾದರೂ ನಿನ್ನನ್ನ ನೋಡ್ತಿದ್ರೆ ಹೇಗಿರುತ್ತೆ ಅಂತ ನಿನಗೂ ಗೊತ್ತಾಗಲಿ."

ಹೋಗಿ ನಿಂತೆ. ಕೈ ಎಲ್ಲಿಡುವುದು? ಸೊಂಟದ ಮೇಲಿಟ್ಟೆ, ತೆಗೆದೆ, ಬೆನ್ನ ಹಿಂದೆ ಕಟ್ಟಿದೆ. ಅವಳು ಅಂಗಳದ ಮೂಲೆಯಿಂದ ಪರದೆ ನೋಡುತ್ತಾ ಕೂಗಿ ಓದತೊಡಗಿದಳು, ನಾನು ಮನೆಯಲ್ಲಿ ಮಾತಾಡುವ ವರದಿಯ ಧಾಟಿಯಲ್ಲೇ.

"ಗುರಿ ಒಂದು ಹೆಂಗಸು. ನೆತ್ತಿಯಲ್ಲಿ ಕೂದಲು ತೆಳ್ಳಗಾಗಿದೆ. ಗುರಿ ನೆಟ್ಟಗೆ ನಿಲ್ಲುತ್ತಿಲ್ಲ. ಗುರಿಗೆ ನಾಚಿಕೆ."

"ಏಯ್, ಸಾಕು!"

"ಗುರಿ ಕೂಗಾಡುತ್ತಿದೆ. ಮುಖ ಕಾಣ್ತಿಲ್ಲ ಅಮ್ಮಾ, ಬರೀ ತಲೆ. ಮೇಲೆ ನೋಡು."

ನೋಡಿದೆ. ಬೆಳಕು ಕಣ್ಣಿಗೆ ಬಡಿಯಿತು. ಡ್ರೋನ್ ಬಿಸಿಲಿನ ಕಡೆ ಇರಲೇ ಇಲ್ಲ, ನನ್ನ ಎದುರಿಗೇ, ದೀಪ ಹಾಕಿಕೊಂಡು, ನಿಧಾನವಾಗಿ ಇಳಿಯುತ್ತಿತ್ತು. ಕೈಗೆಟಕುವಷ್ಟು ಹತ್ತಿರ ಬಂದು ನಿಂತಿತು. ಅದರ ಗಾಳಿಗೆ ಸೆರಗು ಹಾರಿತು. ಅದರ ಹಿಂದೆ, ಅಂಗಳದ ಮೂಲೆಯಲ್ಲಿ, ಅವಳು ಪರದೆಯನ್ನೇ ನೋಡುತ್ತಾ ಕೂತಿದ್ದಳು.

"ಗುರಿ ಅಳುತ್ತಿದೆ," ಎಂದಳು. ದನಿ ಸ್ವಲ್ಪ ತಗ್ಗಿತ್ತು.

"ಧೂಳು ಕಣೇ. ನಿನ್ನ ಯಂತ್ರದ ಗಾಳಿಗೆ."

"ಗುರಿ ಸುಳ್ಳು ಹೇಳುತ್ತಿದೆ," ಎಂದು, ಪರದೆ ಬಿಟ್ಟು, ತಲೆಯೆತ್ತಿ ನನ್ನನ್ನು ನೋಡಿದಳು.

ಹದಿನೈದು ವರ್ಷದಲ್ಲಿ ನಾನು ಬರೆದ ಒಂದು ವರದಿಯೂ ಇಷ್ಟು ಸರಿಯಾಗಿರಲಿಲ್ಲ.